ಗಾಂಧಾರಿಯ ಕುಂಡಗಳೂ ಜೀವಕೋಶಗಳ ಕೃಷಿಯೂ

ಕವಿಚಕ್ರವರ್ತಿಯಾದ ರನ್ನನು ನಮ್ಮ ಮುಧೋಳದವನೆಂಬದನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ತಿಳಿಸಬೇಕಾದ ಅವಶ್ಯವಿಲ್ಲ. ಆತನು ತನ್ನ ಗದಾಯುದ್ಧದಲ್ಲಿ ಯಾವ ದುರ್ಯೋಧನನ ಕೊನೆಯ ದಿನವನ್ನು ಚಿತ್ರಿಸಿದನೋ ಆ ದುರ್ಯೋಧನನ ಜನ್ಮವೃತ್ತಾಂತವು ಮಹಾಭಾರತದ ಆದಿಪರ್ವದಲ್ಲಿ ಬಹು ವಿಲಕ್ಷಣವಾಗಿ ಬಂದಿದೆ. ಗಾಂಧಾರಿಯು ಎರಡು ವರುಷಗಳ ವರೆಗೆ ಗರ್ಭವನ್ನು ಧರಿಸಿ ಕಡೆಗೆ ಕಬ್ಬಿಣದ ಗುಂಡಿನಂಥ ಮಾಂಸಪಿಂಡವನ್ನು ಹಡೆದಳು. ಅದರ ಮೇಲೆ ತಣ್ಣೀರನ್ನು ಸಿಂಪಡಿಸಲು ಅದು ಹೆಬ್ಬೆರಳಿನ ಗಾತ್ರದ ನೂರೊಂದು ತುಂಡುಗಳಾಯಿತು. ಆ ತುಂಡುಗಳನ್ನು ವ್ಯಾಸಮಹರ್ಷಿಗಳು ತುಪ್ಪ ತುಂಬಿದ ಕುಂಡಗಳಲ್ಲಿ ಇರಿಸಿ, ಕಾವಲುಳ್ಳ ಗುಪ್ತಸ್ಥಳದಲ್ಲಿ ಕಾಲವು ಪಕ್ವವಾಗುವ ವರೆಗೆ ಕಾಪಾಡಿಸಿದರು. ಹೀಗೆ ಕೌರವರು ಹುಟ್ಟಿದರೆಂದು ಕಥೆ.

ಕೆಲವು ದಿವಸಗಳ ಹಿಂದೆ ಜಮಖಂಡಿಯಲ್ಲಿ ನಡೆದ ಒಂದು ಸಭೆಯಲ್ಲಿ ಉತ್ಸಾಹಿ ತರುಣರೊಬ್ಬರು ಈ ಕಥೆಯನ್ನು ಹೇಳಿ, ಪಾಶ್ಚಾತ್ಯರು ಈಗ ಪ್ರಯೋಗಶಾಲೆಯಲ್ಲಿ ಮಾಡುತ್ತಿರುವ ಜೀವಕೋಶಗಳ ಕೃಷಿಯು ನಮ್ಮವರಿಗೆ ದ್ವಾಪರಯುಗದಲ್ಲಿಯೇ ಗೊತ್ತಿದ್ದಿತೆಂದು ಪ್ರತಿಪಾದಿಸಿದರು. ಸಭೆಯು ಚಪ್ಪಾಳೆ ತಟ್ಟಿತು. ಪಾಠಶಾಲೆಯಲ್ಲಿ ಸಂಸ್ಕೃತವನ್ನು ಓದಿದವನೆಂದು ನನ್ನ ಅಭಿಪ್ರಾಯವನ್ನು ಕೇಳಿದರು. ಕಾವ್ಯದ ಮೇಲೆ ಇಷ್ಟು ಭಾರವನ್ನು ಹೊರಿಸುವದು ಕಾವ್ಯಕ್ಕೂ ಗೌರವವಲ್ಲ, ಶಾಸ್ತ್ರಕ್ಕೂ ಗೌರವವಲ್ಲ ಎಂದು ನಾನು ಹೇಳಿದೆನು. ಒಬ್ಬನು ಮಾಡಿದ್ದನ್ನು ಬರೆದಿಟ್ಟ ರೀತಿಯಿಂದ ಮತ್ತೊಬ್ಬನು ಮಾಡಿ ನೋಡುವಂತಿದ್ದರೆ ಮಾತ್ರ ಅದು ಶಾಸ್ತ್ರವಾಗುವದು. ಆದಿಪರ್ವದಲ್ಲಿ ಅಂಥ ವಿಧಾನವೇನೂ ಇಲ್ಲ. ಆದರೂ ಆ ಕಥೆಯಲ್ಲಿ ಒಂದು ಸಂಗತಿಯು ಮನಸ್ಸಿಗೆ ಹಿಡಿಯುವಂತಿದೆ. ದೇಹದಿಂದ ಬೇರ್ಪಟ್ಟ ಜೀವವು ಉಳಿಯಬೇಕಾದರೆ ಅದಕ್ಕೊಂದು ಪಾತ್ರೆ ಬೇಕು, ಪೋಷಣೆಯ ದ್ರವ ಬೇಕು, ಕಾವಲು ಬೇಕು. ಕಳೆದ ಸುಮಾರು ನೂರ ನಾಲ್ವತ್ತು ವರುಷಗಳಲ್ಲಿ ಈ ಮೂರು ವಸ್ತುಗಳನ್ನು ಮನುಷ್ಯರು ನಿಜವಾಗಿ ಹೇಗೆ ಸಂಪಾದಿಸಿಕೊಂಡರೆಂಬದನ್ನೂ, ಅವು ಬಡವರ ಕೈಗೆ ಎಟಕುವವೋ ಇಲ್ಲವೋ ಎಂಬದನ್ನೂ ವಿಚಾರಿಸುವದೇ ಈ ಲೇಖನದ ಉದ್ದೇಶವು.

ಮೊದಲು ಪಾತ್ರೆಯ ವಿಷಯ. 1885ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರೂ ಎಂಬವನು ಕೋಳಿಯ ಭ್ರೂಣದ ಒಂದು ತುಣುಕನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ಕೆಲವು ದಿನ ಜೀವಂತವಾಗಿರಿಸಿದನು. ಅಮೇರಿಕೆಯ ರಾಸ್ ಹ್ಯಾರಿಸನ್ ಎಂಬವನು 1907ರಲ್ಲಿ ಇನ್ನೂ ಮುಂದಕ್ಕೆ ಹೋದನು. ಕಪ್ಪೆಯ ಭ್ರೂಣದಿಂದ ನರವಾಗಲಿರುವ ಭಾಗವನ್ನು ತೆಗೆದು, ಕಪ್ಪೆಯ ದೇಹರಸದ ಒಂದು ಹನಿಯಲ್ಲಿಟ್ಟು, ಆ ಹನಿಯನ್ನು ತೆಳುಗಾಜಿನಿಂದ ತೂಗಬಿಟ್ಟು, ತಗ್ಗು ಕೊರೆದ ಗಾಜಿನ ಪಟ್ಟಿಯ ಮೇಲೆ ಬೋರಲು ಹಾಕಿ, ಅಂಚುಗಳನ್ನು ಮೇಣದಿಂದ ಮುಚ್ಚಿದನು. ಆ ಹನಿಯೊಳಗೆ ನರದ ಎಳೆಯು ಜೀವಕೋಶದಿಂದ ಹೊರಟು ಬೆಳೆಯುವದನ್ನು ಆತನು ಕಣ್ಣಾರೆ ಕಂಡನು. ನರದ ಎಳೆಯು ಹೇಗೆ ಹುಟ್ಟುತ್ತದೆಂಬ ವಿಷಯದಲ್ಲಿ ಪಂಡಿತರೊಳಗೆ ಬಹುಕಾಲದಿಂದ ನಡೆದಿದ್ದ ವಾದಕ್ಕೆ ಇದರಿಂದ ಪ್ರತ್ಯಕ್ಷಪ್ರಮಾಣವು ಒದಗಿತು. ಎರಡು ಗಾಜಿನ ಚೂರು, ಒಂದು ಹನಿ, ಸ್ವಲ್ಪ ಮೇಣ: ಈ ವಿದ್ಯೆಯ ಜನ್ಮಕಾಲದ ಆಸ್ತಿಯು ಇಷ್ಟೇ.

ಹೀಗೆ ಬಡತನದಲ್ಲಿ ಹುಟ್ಟಿದ ವಿದ್ಯೆಗೆ ಬಲು ಬೇಗನೆ ಆಡಂಬರವು ಬಂದಿತು. ನ್ಯೂಯಾರ್ಕಿನ ರಾಕಫೆಲರ್ ಸಂಸ್ಥೆಯಲ್ಲಿದ್ದ ಅಲೆಕ್ಸಿಸ್ ಕ್ಯಾರೆಲ್ ಎಂಬ ಶಸ್ತ್ರವೈದ್ಯನು 1912ರ ಜನವರಿಯಲ್ಲಿ ಕೋಳಿಯ ಹೃದಯದ ತುಣುಕೊಂದನ್ನು ಗಾಜಿನಲ್ಲಿ ಬೆಳೆಯಿಸಲು ಆರಂಭಿಸಿದನು. ಆತನ ಕೋಣೆಯಲ್ಲಿ ಸಹಾಯಕರು ಕಪ್ಪು ನಿಲುವಂಗಿಗಳನ್ನು ತೊಟ್ಟು, ಶಸ್ತ್ರಕ್ರಿಯೆಯ ಮಡಿಯನ್ನೆಲ್ಲ ಆಚರಿಸಿ ಕೆಲಸಮಾಡುತ್ತಿದ್ದರು. ಆ ಕೃಷಿಯು 1946ರ ವರೆಗೆ, ಎಂದರೆ ಕ್ಯಾರೆಲನು ತೀರಿಕೊಂಡ ಮೇಲೆಯೂ ಎರಡು ವರುಷ, ಮುಂದುವರಿಯಿತು. ಜೀವಕೋಶವು ಅಮರವೆಂದು ಲೋಕವೆಲ್ಲ ನಂಬಿತು. ಆದರೆ 1961ರಲ್ಲಿ ಲೆನರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಎಂಬವರು ಮನುಷ್ಯನ ಸಾಮಾನ್ಯ ಜೀವಕೋಶಗಳು ಸುಮಾರು ಐವತ್ತು ಸಲ ಇಮ್ಮಡಿಯಾದ ಬಳಿಕ ನಿಂತುಹೋಗುವವೆಂದು ತೋರಿಸಿದರು. ಕ್ಯಾರೆಲನ ಪಾತ್ರೆಗೆ ಆಗಾಗ್ಗೆ ಹಾಕುತ್ತಿದ್ದ ಭ್ರೂಣರಸದೊಡನೆ ಹೊಸ ಜೀವಕೋಶಗಳು ಒಳಸೇರುತ್ತಿದ್ದಿರಬೇಕೆಂದು ಅನೇಕರು ಊಹಿಸುತ್ತಾರೆ. ಮಡಿಯ ವಿಧಿಯು ಎಷ್ಟು ಕಠಿಣವಾಗಿದ್ದರೂ ನೈವೇದ್ಯದಲ್ಲಿಯೇ ದೋಷವಿದ್ದರೆ ಫಲವೇನು? ವೆಚ್ಚವೂ ವೈಭವವೂ ಸತ್ಯಕ್ಕೆ ಜಾಮೀನಾಗಲಾರವೆಂಬದಕ್ಕೆ ಇದು ಮೊದಲನೆಯ ದೃಷ್ಟಾಂತವು.

ಇದೇ ಕಾಲದಲ್ಲಿ ಬೇರೆ ಕೆಲವರು ಸರಳ ಸಾಧನಗಳಿಂದಲೇ ದೊಡ್ಡ ಕಾರ್ಯಗಳನ್ನು ಸಾಧಿಸಿದರು. ಸೂಕ್ಷ್ಮಜಂತುಗಳನ್ನು ಬೆಳೆಯಿಸುವವರು ಮೊದಲು ಉಪಯೋಗಿಸುತ್ತಿದ್ದ ಜೆಲಾಟಿನ್ ಎಂಬ ಅಂಟು ಬೇಸಿಗೆಯಲ್ಲಿ ಕರಗಿ ನೀರಾಗುತ್ತಿದ್ದಿತು. ಇದಕ್ಕೆ ಪರಿಹಾರವನ್ನು 1881ರಲ್ಲಿ ಸೂಚಿಸಿದವಳು ಫ್ಯಾನಿ ಹೆಸ್ಸೆ ಎಂಬ ಗೃಹಿಣಿ. ಜಾವಾದಲ್ಲಿದ್ದು ಬಂದವರಿಂದ ತಾನು ಕಲಿತಿದ್ದ, ಅಡಿಗೆಮನೆಯಲ್ಲಿ ಸಿಹಿ ಪದಾರ್ಥಗಳನ್ನು ಹೆಪ್ಪುಗಟ್ಟಿಸಲು ಬಳಸುತ್ತಿದ್ದ ಅಗರ್ ಎಂಬ ಕಡಲಪಾಚಿಯ ಸತ್ವವನ್ನು ಆಕೆಯು ಗಂಡನಿಗೆ ತೋರಿಸಿಕೊಟ್ಟಳು. 1887ರಲ್ಲಿ ಜೂಲಿಯಸ್ ಪೆಟ್ರಿ ಎಂಬವನು ಮುಚ್ಚಳವುಳ್ಳ ಚಪ್ಪಟೆ ಗಾಜಿನ ತಟ್ಟೆಯನ್ನು ಕಲ್ಪಿಸಿದನು. ಕೇಂಬ್ರಿಜ್ಜಿನಲ್ಲಿ ಆನರ್ ಫೆಲ್ ಎಂಬ ವಿದುಷಿಯು 1929ರ ಸುಮಾರಿಗೆ ಗಡಿಯಾರದ ಗಾಜಿನಂಥ ಬಟ್ಟಲನ್ನು ಅಂಥ ತಟ್ಟೆಯೊಳಗೆ ಒದ್ದೆ ಹತ್ತಿಯ ಮೇಲಿಟ್ಟು, ಎಳೆಯ ಎಲುಬುಗಳನ್ನು ಬೆಳೆಯಿಸಿ ನೋಡಿದಳು. ಇವೆಲ್ಲವೂ ಮನೆಯಲ್ಲಿ ಸಿಗುವ ವಸ್ತುಗಳ ಸೋದರರೇ.

ಈ ವಿದ್ಯೆಯು ಪಂಡಿತರ ಕುತೂಹಲವಾಗಿಯೇ ಉಳಿಯಲಿಲ್ಲ. 1949ರಲ್ಲಿ ಬಾಸ್ಟನ್ನಿನ ಎಂಡರ್ಸ್, ವೆಲ್ಲರ್, ರಾಬಿನ್ಸ್ ಎಂಬ ಮೂವರು ಪೋಲಿಯೋ ರೋಗದ ವಿಷಾಣುವನ್ನು ನರಕ್ಕೆ ಸಂಬಂಧಿಸದ ಜೀವಕೋಶಗಳಲ್ಲಿ ಗಾಜಿನ ಪಾತ್ರೆಯೊಳಗೆ ಬೆಳೆಯಿಸಿದರು. 1954ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. 1955ರಲ್ಲಿ ಸಾಕನ ಲಸಿಕೆಯು ಬಂದಿತು. ನಾನು ಮಾಸ್ತರಿಕೆಯನ್ನು ಆರಂಭಿಸಿದ ಕಾಲದಲ್ಲಿ ಒಂದು ಕಾಲನ್ನು ಎಳೆಯುತ್ತ, ಮೊಣಕಾಲಿನ ಮೇಲೆ ಕೈಯೂರುತ್ತ ಶಾಲೆಯ ಮೆಟ್ಟಿಲೇರುವ ಹುಡುಗರು ಒಬ್ಬರಿಬ್ಬರಾದರೂ ಇರುತ್ತಿದ್ದರು. ನಿವೃತ್ತನಾಗುವ ಹೊತ್ತಿಗೆ ಹೊಸದಾಗಿ ಬಂದ ಮಕ್ಕಳಲ್ಲಿ ಅಂಥವರು ಕಾಣದಾದರು. 2014ರಲ್ಲಿ ನಮ್ಮ ದೇಶವು ಪೋಲಿಯೋ ಮುಕ್ತವೆಂದು ಮಾನ್ಯವಾಯಿತು. ಆ ಹನಿಯ ಹಿಂದೆ ಗಾಜಿನೊಳಗೆ ಬೆಳೆದ ಜೀವಕೋಶಗಳಿದ್ದವೆಂಬದು ನಮ್ಮ ಮನೆಗಳಲ್ಲಿ ಎಷ್ಟು ಜನರಿಗೆ ಗೊತ್ತು?

ಇದರ ಜೊತೆಗೆ ಒಂದು ಋಣವನ್ನೂ ನೆನೆಯತಕ್ಕದ್ದು. 1951ರಲ್ಲಿ ಬಾಲ್ಟಿಮೋರಿನಲ್ಲಿ ಅರ್ಬುದರೋಗದಿಂದ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ನೀಗ್ರೋ ಕುಲದ ತಾಯಿಯ ಜೀವಕೋಶಗಳನ್ನು ಆಕೆಯ ಅನುಮತಿಯಿಲ್ಲದೆಯೇ ತೆಗೆದು ಬೆಳೆಯಿಸಿದರು. ಸಾಕನ ಲಸಿಕೆಯ ಪರೀಕ್ಷೆಗೆ ಅವು ಒದಗಿದವು. ಲೋಕದ ಪ್ರಯೋಗಶಾಲೆಗಳಲ್ಲಿ ಅವು ಇಂದಿಗೂ ಬೆಳೆಯುತ್ತಿವೆ. ಆಕೆಯ ಮಕ್ಕಳಿಗೆ ಬಹುಕಾಲದ ವರೆಗೆ ಈ ಸಂಗತಿಯೇ ತಿಳಿದಿರಲಿಲ್ಲ. ಬಡವರ ದೇಹದಿಂದ ಬಂದ ವಿದ್ಯೆಯು ಬಡವರ ಕೈಗೆ ಎಟಕದಂತಾಗುವದು ಎಂಥ ಅನ್ಯಾಯವೆಂಬದನ್ನು ವಾಚಕರೇ ಯೋಚಿಸಬೇಕು.

ಎಟಕದಂತೆ ಆದದ್ದಾದರೂ ಹೇಗೆ? ಪ್ರಾಣಿಗಳ ಜೀವಕೋಶವು ಬಹಳ ನಾಜೂಕಿನದು. ಅದಕ್ಕೆ 37 ಅಂಶದ ಕಾವು ಬೇಕು. ಗಾಳಿಯಲ್ಲಿ ನೂರಕ್ಕೆ ಐದರಷ್ಟು ಇಂಗಾಲಾಮ್ಲ ವಾಯು ಬೇಕು. ಪೋಷಕದ್ರವದಲ್ಲಿ ಸಾಧಾರಣವಾಗಿ ಆಕಳ ಭ್ರೂಣದ ರಕ್ತದಿಂದ ತೆಗೆದ ರಸವನ್ನು ಬೆರೆಸುವರು. ಗಾಜಿನ ಪಾತ್ರೆಗಳ ಸ್ಥಾನವನ್ನು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆಗಳು ಆಕ್ರಮಿಸಿದವು. ಇವೆಲ್ಲ ಕೂಡಿ ಈ ಕೆಲಸವು ಧನಿಕ ಸಂಸ್ಥೆಗಳ ಪಾಲಾಯಿತು. ಒಂದು ವಿದ್ಯಾಲಯದಲ್ಲಿ, ಅದರ ಹೆಸರು ಇಲ್ಲಿ ಬೇಡ, ಬಹುಮಾನ ವಿತರಣೆಗೆಂದು ಹೋದಾಗ ಬೀಗ ಹಾಕಿದ ಒಂದು ಕಾವುಪೆಟ್ಟಿಗೆಯನ್ನು ನಾನು ಕಂಡೆನು. ಅದಕ್ಕೆ ಬೇಕಾದ ತಟ್ಟೆಗಳನ್ನು ಕೊಳ್ಳಲು ಹಣವು ಮಂಜೂರಾಗದ್ದರಿಂದ ಅದು ಮೂರು ವರುಷಗಳಿಂದ ತೆರೆದಿರಲಿಲ್ಲ. ಅಲ್ಲಿಯ ವಿದ್ಯಾರ್ಥಿನಿಯೊಬ್ಬಳು, ತಾನು ಜೀವಕೋಶದ ಚಿತ್ರವನ್ನು ಪರೀಕ್ಷೆಯಲ್ಲಿ ಅನೇಕ ಸಲ ಬರೆದಿದ್ದರೂ ಜೀವಂತ ಜೀವಕೋಶವನ್ನು ಒಮ್ಮೆಯೂ ಕಂಡಿಲ್ಲವೆಂದು ಹೇಳಿದಳು. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಆದರೆ ಹಾದಿಯು ಪೂರ್ಣವಾಗಿ ಮುಚ್ಚಿಲ್ಲ. ಮಲೇರಿಯಾ ಜ್ವರದ ಪರೋಪಜೀವಿಯನ್ನು ದೇಹದ ಹೊರಗೆ ನಿರಂತರವಾಗಿ ಬೆಳೆಯಿಸುವ ವಿಧಾನವನ್ನು 1976ರಲ್ಲಿ ವಿಲಿಯಂ ಟ್ರೇಗರ್ ಮತ್ತು ಜೇಮ್ಸ್ ಜೆನ್ಸೆನ್ ಎಂಬವರು ಪ್ರಕಟಿಸಿದರು. ಮರುವರುಷ ಅವರು ಅದಕ್ಕೆ ಬೇಕಾದ ಅತಿ ಸರಳವಾದ ಉಪಕರಣವನ್ನು ವರ್ಣಿಸಿದರು. ಬಿಗಿಮುಚ್ಚಳದ ಗಾಜಿನ ಭರಣಿಯಲ್ಲಿ ತಟ್ಟೆಗಳೊಡನೆ ಒಂದು ಮೇಣದಬತ್ತಿಯನ್ನು ಹಚ್ಚಿಡಬೇಕು. ಅದು ಆರುವ ಸಮಯಕ್ಕೆ ಗಾಳಿಯ ಬಾಯಿಯನ್ನು ಮುಚ್ಚಬೇಕು. ಬತ್ತಿಯು ಪ್ರಾಣವಾಯುವನ್ನು ಕಡಿಮೆ ಮಾಡಿ ಇಂಗಾಲಾಮ್ಲವನ್ನು ಹೆಚ್ಚಿಸಿರುತ್ತದೆ. ಆ ಜೀವಿಗೆ ಬೇಕಾದ ಹವೆಯು ಅದೇ. ರಕ್ತಭಾಂಡಾರದಲ್ಲಿ ಅವಧಿ ಮೀರಿದ ರಕ್ತಕಣಗಳೇ ಅದಕ್ಕೆ ಆಹಾರ. ಯಂತ್ರಗಳಿಲ್ಲದ ದೇಶಗಳಲ್ಲಿಯೂ ಮಲೇರಿಯಾ ಔಷಧಗಳ ಪರೀಕ್ಷೆಗೆ ಇದರಿಂದ ದಾರಿಯಾಯಿತು.

ಇನ್ನು ಅವರವರ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬಹುದಾದ ಆಧಾರಪೀಠಗಳ ವಿಚಾರ. ಚಪ್ಪಟೆ ತಟ್ಟೆಯ ಮೇಲೆ ಜೀವಕೋಶಗಳು ಚಾಪೆಯಂತೆ ಹರಡುವವು. ದೇಹದಲ್ಲಿಯಾದರೋ ಅವು ಪದರುಪದರಾಗಿ ಇರುವವು. 2009ರಲ್ಲಿ ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ಎಂಬವರ ಬಳಗವು ಸೋಸುವ ಕಾಗದದ ಹಾಳೆಗಳಲ್ಲಿ ಜೀವಕೋಶಗಳನ್ನು ನೆನೆಯಿಸಿ, ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳೆಯಿಸಿತು. ಬೇಕಾದಷ್ಟು ಹಾಳೆಗಳನ್ನು ಕೂಡಿಸಬಹುದು. ಬಳಿಕ ಪುಸ್ತಕದ ಪುಟದಂತೆ ಒಂದೊಂದನ್ನೇ ಬಿಡಿಸಿ, ಯಾವ ಆಳದಲ್ಲಿ ಎಷ್ಟು ಬದುಕಿವೆಯೆಂದು ನೋಡಬಹುದು. 2014ರಲ್ಲಿ ಕೆನಡಾದ ಆಟವಾದಲ್ಲಿ ಆಂಡ್ರ್ಯೂ ಪೆಲ್ಲಿಂಗ್ ಎಂಬವರ ಬಳಗವು ಸೇಬಿನ ಹೋಳನ್ನು ಮಾರ್ಜಕದಿಂದ ತೊಳೆದು, ಉಳಿದ ನಾರಿನ ಹಂದರದಲ್ಲಿ ಪ್ರಾಣಿಗಳ ಜೀವಕೋಶಗಳನ್ನು ನೆಲೆಗೊಳಿಸಿತು.

ರಬಕವಿ ಬನಹಟ್ಟಿಗಳ ನೇಕಾರ ಬಂಧುಗಳಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಒಂದೇ ಮಗ್ಗದಲ್ಲಿ ಹಾಸನ್ನೂ ಹೊಕ್ಕನ್ನೂ ಬದಲಿಸಿ, ಬೇಡಿದವರಿಗೆ ಬೇಡಿದ ಬಟ್ಟೆಯನ್ನು ನೆಯ್ದುಕೊಡುವದು ಅವರ ನಿತ್ಯದ ಕಸುಬು. ಈ ಹೋಲಿಕೆಯು ಕೇವಲ ನನ್ನ ಕಲ್ಪನೆಯಲ್ಲ. 2011ರಲ್ಲಿ ಬೆಂಗಳೂರಿನ ಅಚಿರಾ ಪ್ರಯೋಗಶಾಲೆಯ ಧನಂಜಯ ದೆಂಡುಕೂರಿ ಮತ್ತು ಅವರ ಸಂಗಡಿಗರು, ಔಷಧದ್ರವ್ಯಗಳಲ್ಲಿ ನೆನೆಯಿಸಿದ ರೇಶಿಮೆ ನೂಲನ್ನು ಕೈಮಗ್ಗದಲ್ಲಿ ನೆಯ್ದು, ರೋಗಪರೀಕ್ಷೆಗೆ ಉಪಯೋಗವಾಗುವ ಅಗ್ಗದ ಪಟ್ಟಿಗಳನ್ನು ಸಿದ್ಧಪಡಿಸಿದ ವೃತ್ತಾಂತವನ್ನು ಪ್ರಕಟಿಸಿದರು. ಅದು ಜೀವಕೋಶಗಳ ಕೃಷಿಯಲ್ಲವೆಂಬದು ನಿಜ. ಆದರೂ ಪ್ರಯೋಗಶಾಲೆಯ ಆಧಾರಪೀಠವು ಕೈಮಗ್ಗದಿಂದಲೂ ಇಳಿದುಬರಬಲ್ಲದೆಂದು ಕರ್ನಾಟಕದಲ್ಲಿಯೇ ಸಿದ್ಧವಾಯಿತು.

ಇಷ್ಟು ಹೊತ್ತು ಪ್ರಾಣಿಗಳ ಜೀವಕೋಶಗಳ ಕಥೆಯಾಯಿತು. ನಮ್ಮ ಕೃಷ್ಣಾ ಘಟಪ್ರಭಾ ತೀರದ ಜನರಿಗೆ ಇನ್ನೂ ಹತ್ತಿರವಾದದ್ದು ಸಸ್ಯಗಳ ಜೀವಕೋಶಗಳ ಕಥೆ. ಗಿಡದ ಒಂದು ಜೀವಕೋಶದಿಂದ ಇಡೀ ಗಿಡವೇ ಬೆಳೆಯಬಹುದೆಂದು ಹಾಬರ್‌ಲಾಂಟ್ ಎಂಬವನು 1902ರಲ್ಲಿ ಊಹಿಸಿದನು. ಆದರೆ ಆತನ ಪಾತ್ರೆಯಲ್ಲಿ ಜೀವಕೋಶಗಳು ಬದುಕಿದವೇ ಹೊರತು ಒಡೆದು ಎರಡಾಗಲಿಲ್ಲ. ಪೋಷಕದ್ರವದಲ್ಲಿ ಏನೋ ಕೊರತೆಯಿದ್ದಿತು. 1941ರಲ್ಲಿ ಅಮೇರಿಕೆಯಲ್ಲಿ ಎಳೆಯ ದತ್ತೂರಿಯ ಭ್ರೂಣಗಳಿಗೆ ತೆಂಗಿನ ನೀರನ್ನು ಹಾಕಲು ಅವು ಬೆಳೆದವು. ಶಿವನಿಗೆ ಏರಿಸುವ ದತ್ತೂರಿಗೆ ತೆಂಗಿನಕಾಯಿಯ ಅಭಿಷೇಕ! ಆ ನೀರಿನಲ್ಲಿ ಅಡಗಿರುವ ಬೆಳವಣಿಗೆಯ ದ್ರವ್ಯಗಳು ಯಾವವೆಂಬದು ಮುಂದೆ ಕ್ರಮೇಣ ತಿಳಿದುಬಂದಿತು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬವರು ಪ್ರಕಟಿಸಿದ ಲವಣಗಳ ಪಾಕವೇ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿದೆ. 1964ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಮಹೇಶ್ವರಿ ಎಂಬವರು ಅದೇ ದತ್ತೂರಿಯ ಪರಾಗಕೋಶದಿಂದ ಭ್ರೂಣಗಳನ್ನು ಪಡೆದು ಲೋಕವನ್ನು ಬೆರಗುಗೊಳಿಸಿದರು. 1990ರಲ್ಲಿ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಯವರು, ದಶಕಗಳಿಗೊಮ್ಮೆ ಹೂವಾಗುವ ಬಿದಿರನ್ನು ಗಾಜಿನೊಳಗೆ ಕೆಲವೇ ತಿಂಗಳುಗಳಲ್ಲಿ ಹೂಬಿಡಿಸಿದರು.

ಕಬ್ಬಿನ ಜೀವಕೋಶಗಳ ಮುದ್ದೆಯಿಂದ ಸಸಿಗಳನ್ನು ಪಡೆದವರು ಹವಾಯಿ ದ್ವೀಪದ ಹೈಂಜ್ ಮತ್ತು ಮೀ, ಅದು 1969ರಲ್ಲಿ. ಕಬ್ಬನ್ನು ನಾವು ಕಾಳಿನಿಂದ ಬಿತ್ತುವದಿಲ್ಲ, ಕಣ್ಣಿರುವ ತುಂಡುಗಳನ್ನು ನೆಡುತ್ತೇವೆ. ಆದ್ದರಿಂದ ತಾಯಿಕಬ್ಬಿನ ಬೇನೆಗಳೆಲ್ಲ ಮಗಳಿಗೂ, ಮಗಳಿಂದ ಕುಳೆಗೂ ಇಳಿಯುತ್ತವೆ. ಬೆಳೆಯುವ ಕುಡಿಯ ತೀರ ತುದಿಯ ಭಾಗದಲ್ಲಿ ಮಾತ್ರ ರೋಗಾಣುಗಳು ಸಾಮಾನ್ಯವಾಗಿ ಇರುವದಿಲ್ಲ, ಇದ್ದರೂ ಬಹು ಕಡಿಮೆ. ಆ ಸೂಜಿಮೊನೆಯಷ್ಟು ತುದಿಯನ್ನು ತೆಗೆದು ಪಾತ್ರೆಯಲ್ಲಿ ಬೆಳೆಯಿಸಿದರೆ ನಿರೋಗಿಯಾದ ಬೀಜದ ಕಬ್ಬು ದೊರೆಯುವದು. ಪುಣೆಯ ಹತ್ತಿರದ ಮಾಂಜರಿಯಲ್ಲಿರುವ ವಸಂತದಾದಾ ಸಕ್ಕರೆ ಸಂಸ್ಥೆಯಲ್ಲಿಯೂ, ನಮ್ಮ ನೆರೆಯ ಸಮೀರವಾಡಿಯ ಸೋಮಯ್ಯ ಕೃಷಿ ಸಂಶೋಧನ ಸಂಸ್ಥೆಯಲ್ಲಿಯೂ ಕಬ್ಬಿನ ಈ ಅಂಗಾಂಶ ಕೃಷಿಯ ಕಾರ್ಯವು ನಡೆದಿದೆ.

ನನ್ನ ತಮ್ಮನ ಹೊಲದಲ್ಲಿ ಒಂದು ವರುಷ ಕಬ್ಬು ಕಬ್ಬಾಗದೆ ಹುಲ್ಲಿನ ಜೊಂಪೆಯಂತೆ ಬಿಳಿಚಿಕೊಂಡು ಎದ್ದಿತು. ಸಾಲಮಾಡಿ ತಂದ ಬೀಜದಲ್ಲಿಯೇ ಬೇನೆಯಿದ್ದಿತು. ಆಗ ನನ್ನ ಹಳೆಯ ಶಿಷ್ಯನೊಬ್ಬನು ಶುದ್ಧ ಬೀಜವನ್ನು ತಾನೇ ಬೆಳೆಯಿಸಿಕೊಡುವೆನೆಂದು ಹುರುಪಿನಿಂದ ಹೊರಟನು. ಉಪ್ಪಿನಕಾಯಿಯ ಗಾಜಿನ ಬಾಟಲಿಗಳು, ಕಿರಾಣಿ ಅಂಗಡಿಯ ಸಕ್ಕರೆ, ಬೇಯಿಸಲು ಮನೆಯ ಪ್ರೆಶರ್ ಕುಕ್ಕರು, ಕೈ ತೂರುವಷ್ಟು ಕಿಂಡಿಯುಳ್ಳ ಒಂದು ಗಾಜಿನ ಪೆಟ್ಟಿಗೆ: ಇವು ಆತನ ಸಾಮಗ್ರಿ. ಮೊದಲ ಸಲದ ಇಪ್ಪತ್ತು ಬಾಟಲಿಗಳಲ್ಲಿ ಹದಿನೇಳು ಬೂಸಲು ಹಿಡಿದವು. ಅಗ್ಗದ ಬಾಟಲಿಗಳಿಂದ ಹೀಗಾಯಿತೆಂದು ನಾನು ಅಂದೆನು. ಆತನು ತಲೆಯಾಡಿಸಿ, ‘ತಪ್ಪು ಬಾಟಲಿದಲ್ಲರೀ ಗುರುಗಳ, ನನ್ನ ಕೈದು. ಫ್ಯಾನ ಹಚ್ಚಿಕೊಂಡು ಮುಚ್ಚಳ ತಗದೆ’ ಎಂದನು. ಮುಂದಿನ ಸಲ ಫ್ಯಾನು ನಿಂತಿತು, ಕೈಗಳು ಶುದ್ಧವಾದವು, ಬಾಟಲಿಯ ಬಾಯಿಯು ದೀಪದ ಜ್ವಾಲೆಯನ್ನು ಕಂಡಿತು. ಇಪ್ಪತ್ತರಲ್ಲಿ ಹದಿಮೂರು ಉಳಿದವು. ಬಾಟಲಿಗಳು ಮಾತ್ರ ಅವೇ.

ಆತನು ಮಾಡಿದ್ದು ಹುಚ್ಚು ಸಾಹಸವೇನಲ್ಲ. 2002ರ ಆಗಸ್ಟ ತಿಂಗಳಲ್ಲಿ ವಿಯೆನ್ನಾ ನಗರದಲ್ಲಿ ಕೂಡಿದ ತಜ್ಞರು ಬಡ ದೇಶಗಳಿಗೆ ಒಪ್ಪುವ ಅಲ್ಪವೆಚ್ಚದ ಅಂಗಾಂಶ ಕೃಷಿಯನ್ನು ಕುರಿತು ಚರ್ಚಿಸಿದರು; 2004ರಲ್ಲಿ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯು ಅದನ್ನು ಗ್ರಂಥವಾಗಿ ಪ್ರಕಟಿಸಿತು. ಶುದ್ಧ ಸುಕ್ರೋಸಿಗೆ ಬದಲಾಗಿ ಊಟದ ಸಕ್ಕರೆ, ವಿದ್ಯುದ್ದೀಪಕ್ಕೆ ಬದಲಾಗಿ ಸೂರ್ಯನ ಬೆಳಕು, ಬೆಲೆಯುಳ್ಳ ಪಾತ್ರೆಗೆ ಬದಲಾಗಿ ಸಾದಾ ಬಾಟಲಿ ಎಂಬಂಥ ಉಪಾಯಗಳು ಅಲ್ಲಿ ವಿಚಾರಕ್ಕೆ ಬಂದವು. ಅಗರಿಗೆ ಬದಲಾಗಿ ನಮ್ಮ ಮನೆಗಳ ಇಸಬಗೋಲವನ್ನು ಬಳಸಬಹುದೆಂದು ದಿಲ್ಲಿಯ ಬಬ್ಬರ್ ಮತ್ತು ಜೈನ್ ಎಂಬವರು 1998ರಲ್ಲಿಯೇ ತೋರಿಸಿದ್ದರು. ಫ್ಯಾನಿ ಹೆಸ್ಸೆಯ ಅಡಿಗೆಮನೆಯಿಂದ ಹೊರಟ ವಿದ್ಯೆಯು ಹೀಗೆ ನಮ್ಮ ಅಡಿಗೆಮನೆಯ ಬಾಗಿಲಿಗೆ ಬಂದಿದೆ.

ಆದರೂ ಎಚ್ಚರಿಕೆಯ ಮಾತೊಂದನ್ನು ಹೇಳದಿದ್ದರೆ ದೋಷವಾದೀತು. ವೆಚ್ಚವನ್ನು ಕಡಿಮೆ ಮಾಡುವದು ಬೇರೆ, ನಿಯಮವನ್ನು ಕಡಿಮೆ ಮಾಡುವದು ಬೇರೆ. ಬೇಗನೆ ಹೆಚ್ಚು ಸಸಿಗಳಾಗಲೆಂದು ತುದಿಯನ್ನು ಬಿಟ್ಟು ಜೀವಕೋಶಗಳ ಮುದ್ದೆಯಿಂದ ಬೆಳೆಯಿಸಿದರೆ ಸಸಿಗಳ ಗುಣವು ತಾಯಿಯಿಂದ ಬೇರೆಯಾಗುವ ಸಂಭವವುಂಟು. ತುದಿಯಿಂದ ಬಂದ ಸಸಿಯಾದರೂ ರೋಗವಿಲ್ಲದ್ದೇ ಹೊರತು ರೋಗ ತಾಗದ್ದಲ್ಲ. ಬೇನೆಯಿರುವ ಹೊಲದ ಮಗ್ಗುಲಲ್ಲಿ ನೆಟ್ಟರೆ ಅದಕ್ಕೂ ತಗುಲುವದು. ಹೀಗಾಗಿ ಸಸಿಗಳನ್ನು ಪರೀಕ್ಷಿಸದೆ ಮಾರುವವನು ನೂರು ಹೊಲಗಳನ್ನು ಕೆಡಿಸಿಯಾನು. ನನ್ನ ಶಿಷ್ಯನೂ ತನ್ನ ಸಸಿಗಳನ್ನು ಯಾರಿಗೂ ಮಾರಲಿಲ್ಲ. ಕಲಿಯುವದಕ್ಕಾಗಿ ಬೆಳೆಯಿಸಿದ್ದು, ಬೀಜಕ್ಕೆ ಪರೀಕ್ಷೆಯಾದ ಸಸಿಯನ್ನೇ ತರತಕ್ಕದ್ದೆಂದು ನನ್ನ ತಮ್ಮನಿಗೆ ತಾನಾಗಿಯೇ ಹೇಳಿದನು. ಆ ಪ್ರಾಮಾಣಿಕತೆಯನ್ನು ಕಂಡು ನನಗೆ ಆತನ ಹದಿಮೂರು ಬಾಟಲಿಗಳಿಗಿಂತ ಹೆಚ್ಚಿನ ಸಂತೋಷವಾಯಿತು.

ಸಂಸ್ಕೃತದಲ್ಲಿ ಪಾತ್ರವೆಂಬ ಶಬ್ದಕ್ಕೆ ಭಾಂಡವೆಂದೂ ಅರ್ಥ, ಯೋಗ್ಯನಾದವನೆಂದೂ ಅರ್ಥ. ಹನಿಯನ್ನು ತೂಗಬಿಟ್ಟ ಹ್ಯಾರಿಸನನ ಗಾಜು, ಭರಣಿಯೊಳಗಿನ ಮೇಣದಬತ್ತಿ, ಕಾಗದದ ಹಾಳೆ, ಉಪ್ಪಿನಕಾಯಿಯ ಬಾಟಲಿ ಇವೆಲ್ಲ ಪಾತ್ರಗಳಾದದ್ದು ಬೆಲೆಯಿಂದಲ್ಲ, ಅವುಗಳ ಮುಂದೆ ಕುಳಿತವರ ಶುಚಿಯಿಂದಲೂ ತಾಳ್ಮೆಯಿಂದಲೂ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಬನಹಟ್ಟಿಗಳ ಹೈಸ್ಕೂಲುಗಳಲ್ಲಿ ಹತ್ತು ಬಾಟಲಿ, ಒಂದು ಕುಕ್ಕರು, ಒಂದು ಗಾಜಿನ ಪೆಟ್ಟಿಗೆಗಳನ್ನು ಇಟ್ಟು, ಮಕ್ಕಳಿಗೆ ಒಂದು ಜೀವಂತ ಕುಡಿಯನ್ನು ಬೆಳೆಯಿಸಿ ತೋರಿಸುವದು ಅಸಾಧ್ಯವಲ್ಲ. ಆ ಬೀಗದ ಪೆಟ್ಟಿಗೆಯ ಮುಂದೆ ನಿಂತಿದ್ದ ಹುಡುಗಿಗೆ ನಾನು ಆ ದಿನ ಕೊಟ್ಟ ಬಹುಮಾನವು ಒಂದು ಪುಸ್ತಕ. ಈಗಾಗಿದ್ದರೆ ಶಿಷ್ಯನಿಂದ ಒಂದು ಬಾಟಲಿಯನ್ನು ಬೇಡಿ ತಂದು ಕೊಡುತ್ತಿದ್ದೆನು. ಈ ಭಾಗದ ವಿದ್ಯಾಪ್ರೇಮಿಗಳು ಇದರ ಕಡೆಗೆ ಲಕ್ಷ್ಯ ಕೊಡುವರೆಂದು ಆಶಿಸಿ ಲೇಖನವನ್ನು ಮುಗಿಸುತ್ತೇನೆ.